ಬ್ಲೀಚಿಂಗ್ ಪೌಡರ್‌ಗೂ ಸಾಯದ ಭೇದಿ: ಕರು ಸಾಕಿರುವವರು, ಸಂಪಿನ ನೀರು ಕುಡಿಯುವವರು ಏನು ಮಾಡಬೇಕು

ಸಂಪಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದೇವೆ, ಇನ್ನೇನು ಭಯ ಅಂತ ನೆಮ್ಮದಿಯಾಗಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಾಲರಾ, ಟೈಫಾಯ್ಡ್ ತರುವ ಬ್ಯಾಕ್ಟೀರಿಯಾ ಕ್ಲೋರಿನ್‌ಗೆ ಬೇಗ ಸಾಯುತ್ತವೆ, ಅದು ನಿಜ. ಆದರೆ ಕ್ರಿಪ್ಟೋಸ್ಪೋರಿಡಿಯಂ ಅಂತ ಒಂದು ಪರಾವಲಂಬಿ ಇದೆ. ನಾವು ಕುಡಿಯುವ ನೀರಿಗೆ ಹಾಕುವಷ್ಟು ಕ್ಲೋರಿನ್‌ನಲ್ಲಿ ಅದು ದಿನಗಟ್ಟಲೆ ಆರಾಮಾಗಿ ಬದುಕಿರುತ್ತದೆ. ಡಾಕ್ಟರುಗಳು ಚಿಕ್ಕದಾಗಿ ಕ್ರಿಪ್ಟೋ ಅಂತಾರೆ, ನಾನೂ ಹಾಗೇ ಬರೆಯುತ್ತೇನೆ.

ಇದು ಎಳೆ ಕರುಗಳಿಗೂ ಬರುತ್ತದೆ, ನಮಗೂ ಬರುತ್ತದೆ. ಕರುವಿನಿಂದ ಮನುಷ್ಯರಿಗೆ ಹರಡುವ ಜಾತಿಯ ಹೆಸರು ಕ್ರಿಪ್ಟೋಸ್ಪೋರಿಡಿಯಂ ಪಾರ್ವಂ. ಮನುಷ್ಯರಿಂದ ಮನುಷ್ಯರಿಗೇ ಹರಡುವುದು ಇನ್ನೊಂದು, ಹೋಮಿನಿಸ್. ಎರಡೂ ಹರಡುವ ದಾರಿ ಒಂದೇ: ರೋಗ ಬಂದವರ ಮಲ ಅಥವಾ ಸಗಣಿ ಹೇಗೋ ನೀರಿಗೆ, ಕೈಗೆ, ಊಟಕ್ಕೆ ಸೇರಿ ನಮ್ಮ ಬಾಯಿಗೆ ಹೋಗುವುದು. ಹೆಸರಘಟ್ಟ, ಯಲಹಂಕ, ಆನೇಕಲ್, ಹೊಸಕೋಟೆ ಕಡೆ ಮನೆಯ ಹಿಂದೆ ಎರಡು ಮೂರು ಹಸು ಕಟ್ಟಿರುವವರು ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತು. ಎಷ್ಟೋ ಕಡೆ 30×40 ಸೈಟಿನಲ್ಲೇ ಹಿಂದೆ ಕೊಟ್ಟಿಗೆ, ಮುಂದೆ ಸಂಪು, ಮಧ್ಯೆ ಮನೆ. ಅಷ್ಟು ಹತ್ತಿರ ಇದ್ದಾಗ ಸಗಣಿಗೂ ನೀರಿಗೂ ನಡುವೆ ಗೋಡೆ ಕಟ್ಟುವ ಕೆಲಸವನ್ನು ನಾವೇ ಮಾಡಬೇಕು.

ಮೊದಲು ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ಇದು ಜಂತುಹುಳ ಅಲ್ಲ. ಒಂದೇ ಜೀವಕೋಶದ ಪ್ರಾಣಿ. ಹಾಗಾಗಿ ಕರುವಿಗೆ ಕೊಡುವ ಜಂತಿನ ಔಷಧಿಯೂ ಮಕ್ಕಳಿಗೆ ಕೊಡುವ ಆಲ್ಬೆಂಡಜೋಲ್ ಮಾತ್ರೆಯೂ ಇದಕ್ಕೆ ನಾಟುವುದಿಲ್ಲ. ಬ್ಯಾಕ್ಟೀರಿಯಾನೂ ಅಲ್ಲ, ಹಾಗಾಗಿ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಆಂಟಿಬಯಾಟಿಕ್ ಕೂಡ ದಂಡ. ಕರುಳಿನ ಒಳಗೋಡೆಗೆ ಅಂಟಿಕೊಂಡು ಬೆಳೆಯುತ್ತದೆ, ಗಟ್ಟಿ ಚಿಪ್ಪಿನ ಮೊಟ್ಟೆಯಂಥ ರೂಪದಲ್ಲಿ ಸಗಣಿಯ ಜೊತೆ ಹೊರಗೆ ಬೀಳುತ್ತದೆ. ಆ ಮೊಟ್ಟೆಯ ಅಳತೆ 4ರಿಂದ 6 ಮೈಕ್ರಾನ್, ಅಂದರೆ ತಲೆಕೂದಲಿನ ದಪ್ಪದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಹತ್ತು ಮೊಟ್ಟೆ ಹೊಟ್ಟೆಗೆ ಹೋದರೂ ರೋಗ ಬರಬಹುದು. ಭೇದಿ ಆಗುತ್ತಿರುವ ಒಂದು ಕರು ಹಾಕುವ ಸಗಣಿಯಲ್ಲಿ ಇವು ಗ್ರಾಂಗೆ ಲಕ್ಷಗಟ್ಟಲೆ ಇರುತ್ತವೆ. ತೇವ, ನೆರಳು ಸಿಕ್ಕರೆ ತಿಂಗಳುಗಟ್ಟಲೆ ಬದುಕುತ್ತವೆ. ಇವು ಮುಖ್ಯವಾಗಿ ಹೆದರುವುದು ಎರಡಕ್ಕೆ: ಬಿಸಿ ಮತ್ತು ಒಣಗು. ಮುಂದೆ ಹೇಳುವ ಉಪಾಯಗಳೆಲ್ಲ ಹೆಚ್ಚುಕಮ್ಮಿ ಇವೆರಡರ ಮೇಲೇ ನಿಂತಿವೆ.

ನಗರದ ನೀರಿಗೂ ಇದಕ್ಕೂ ಏನು ಸಂಬಂಧ ಅನ್ನುವವರಿಗೆ 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಆದದ್ದನ್ನು ಹೇಳಬೇಕು. ಅಲ್ಲಿ ನಲ್ಲಿ ನೀರಿನ ಮೂಲಕ ಸುಮಾರು 4 ಲಕ್ಷ ಜನರಿಗೆ ಕ್ರಿಪ್ಟೋ ಬಂತು. ಅದು ಕ್ಲೋರಿನ್ ಹಾಕಿದ ನೀರೇ. ಶುದ್ಧೀಕರಣ ಘಟಕದಲ್ಲಿ ಸೋಸುವ ಹಂತ ಸರಿಯಾಗಿ ಕೆಲಸ ಮಾಡಲಿಲ್ಲ, ಅಷ್ಟೇ. ಮೊದಲು ಎಲ್ಲರೂ ದನಗಳ ಸಗಣಿಯನ್ನು ಅನುಮಾನಿಸಿದರು. ಆಮೇಲೆ ರೋಗಿಗಳ ಮಾದರಿ ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಮನುಷ್ಯರ ಜಾತಿಯದ್ದು. ಹಾಗಾಗಿ ಹಸು ಇಲ್ಲದ ಅಪಾರ್ಟ್‌ಮೆಂಟಿನವರೂ ಇದು ನಮಗಲ್ಲ ಅಂದುಕೊಳ್ಳಬೇಡಿ. ಯುಜಿಡಿ (ಒಳಚರಂಡಿ) ಚೇಂಬರ್ ಪಕ್ಕದಲ್ಲೇ ಸಂಪು ಇದ್ದರೆ, ಮಳೆಗಾಲದಲ್ಲಿ ಆ ಚೇಂಬರ್ ಉಕ್ಕಿದರೆ, ನಿಮಗೂ ಇದೇ ಕಥೆ.

ಕುಡಿಯುವ ನೀರು

ಕುದಿಸಿ. ಇದಕ್ಕಿಂತ ಖರ್ಚಿಲ್ಲದ, ಖಾತ್ರಿಯಾದ ದಾರಿ ಇನ್ನೊಂದಿಲ್ಲ. ನೀರು ಬೆಚ್ಚಗಾಗಿ ತಳದಲ್ಲಿ ಸಣ್ಣ ಗುಳ್ಳೆ ಏಳುವುದನ್ನು ಕುದಿ ಅನ್ನಬೇಡಿ. ಪಾತ್ರೆ ತುಂಬ ಗುಳುಗುಳು ಅಂತ ಮೇಲೆ ಕೆಳಗೆ ಆಡಬೇಕು, ಹಾಗೆ ಒಂದು ನಿಮಿಷ ಬಿಡಬೇಕು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಚಿಂತೆ ಇಲ್ಲ, ಕ್ರಿಪ್ಟೋ ಸಾಯುವುದಕ್ಕೆ ಅಷ್ಟು ಶಾಖ ಬೇಕಾದಷ್ಟಾಯಿತು. ಹತ್ತು ನಿಮಿಷ ಕುದಿಸಿ ಗ್ಯಾಸ್ ಖಾಲಿ ಮಾಡುವ ಅಗತ್ಯ ಇಲ್ಲ.

ಎಡವಟ್ಟಾಗುವುದು ಕುದಿಸಿದ ಮೇಲೆ. ಮಗು ನೀರು ಕೇಳುತ್ತದೆ, ಕುದಿಸಿದ ನೀರು ಇನ್ನೂ ಸುಡುತ್ತಿರುತ್ತದೆ, ಅದಕ್ಕೆ ನಲ್ಲಿಯಿಂದ ಅರ್ಧ ಲೋಟ ತಣ್ಣೀರು ಬೆರೆಸಿ ಉಗುರುಬೆಚ್ಚಗೆ ಮಾಡಿ ಕೊಡುತ್ತೇವೆ. ಅಲ್ಲಿಗೆ ಕುದಿಸಿದ್ದೆಲ್ಲ ನೀರಿನಲ್ಲಿ ಹೋಮ. ರಾತ್ರಿ ಮಲಗುವ ಮುಂಚೆ ಕುದಿಸಿ ಮುಚ್ಚಿಟ್ಟರೆ ಬೆಳಿಗ್ಗೆಗೆ ತಣ್ಣಗಾಗಿರುತ್ತದೆ. ಮುಚ್ಚಳ ಇರುವ, ಕೆಳಗೆ ನಲ್ಲಿ ಇರುವ ಸ್ಟೀಲ್ ಡ್ರಮ್ ಒಳ್ಳೆಯದು, ಯಾಕೆಂದರೆ ಲೋಟ ಅದ್ದುವ ಕೈ ಅದರೊಳಗೆ ಹೋಗುವುದಿಲ್ಲ.

ಫಿಲ್ಟರ್ ಇದೆಯಲ್ಲ ಅಂದರೆ, ಯಾವ ಫಿಲ್ಟರ್ ಅಂತ ನೋಡಬೇಕು. ಆರ್‌ಓ ಮೆಂಬ್ರೇನ್ ಸರಿಯಾಗಿದ್ದರೆ ಕ್ರಿಪ್ಟೋವನ್ನು ತಡೆಯುತ್ತದೆ. ಯುವಿ ದೀಪ ಕೂಡ ಅದನ್ನು ಚೆನ್ನಾಗಿ ನಿಷ್ಕ್ರಿಯ ಮಾಡುತ್ತದೆ, ಆದರೆ ನೀರು ತಿಳಿಯಾಗಿರಬೇಕು, ದೀಪವನ್ನು ಕಂಪನಿ ಹೇಳಿದ ಅವಧಿಗೆ ಬದಲಿಸಿರಬೇಕು. ಬರೀ ಕಾರ್ಟ್ರಿಡ್ಜ್ ಫಿಲ್ಟರ್ ಆದರೆ ಡಬ್ಬದ ಮೇಲೆ 1 ಮೈಕ್ರಾನ್ ‘ಅಬ್ಸಲ್ಯೂಟ್’ ಅಂತ ಬರೆದಿರಬೇಕು. ‘ನಾಮಿನಲ್’ ಅಂತ ಇದ್ದರೆ ನಂಬಬೇಡಿ, ಅದರಲ್ಲಿ ಒಂದಷ್ಟು ನುಸುಳುತ್ತವೆ. ಕ್ಯಾಂಡಲ್ ಫಿಲ್ಟರುಗಳಲ್ಲಿ ಒಂದೊಂದರ ರಂಧ್ರ ಒಂದೊಂದು ಥರ, ಹಾಗಾಗಿ ಅದರಲ್ಲಿ ಸೋಸಿ ಆಮೇಲೆ ಕುದಿಸಿ. ಬಟ್ಟೆಯಲ್ಲಿ ಸೋಸುವುದು ಕಸಕ್ಕೆ ಮಾತ್ರ. ಇನ್ನೊಂದು ವಿಷಯ ಎಲ್ಲರೂ ಮರೆಯುತ್ತಾರೆ: ಹಳೆಯ ಕಾರ್ಟ್ರಿಡ್ಜ್‌ನಲ್ಲಿ ತಡೆಹಿಡಿದ ಮೊಟ್ಟೆಗಳೆಲ್ಲ ಅಲ್ಲೇ ಕೂತಿರುತ್ತವೆ. ಅದನ್ನು ಬಿಚ್ಚಿದ ಕೈಯನ್ನು ಸೋಪು ಹಾಕಿ ತೊಳೆಯದೆ ಬೇರೆ ಏನನ್ನೂ ಮುಟ್ಟಬಾರದು.

ಕಾಯಿನ್ ಹಾಕಿ ನೀರು ಹಿಡಿಯುವ ಘಟಕಗಳಲ್ಲೂ ಆರ್‌ಓ ಇರುತ್ತದೆ, ನೀರು ಅಲ್ಲಿಂದ ಚೆನ್ನಾಗಿಯೇ ಬರಬಹುದು. ಆದರೆ ನಮ್ಮ ಕ್ಯಾನು? ಒಳಗೆ ಕೈ ಹೋಗದ ಕ್ಯಾನನ್ನು ಸುಮ್ನೆ ಎರಡು ಸಲ ಕುಲುಕಿ ಚೆಲ್ಲಿದರೆ ತೊಳೆದ ಹಾಗಾಗುವುದಿಲ್ಲ. ಕೊಟ್ಟಿಗೆಗೂ ಅದೇ ಕ್ಯಾನು, ಅಡಿಗೆಮನೆಗೂ ಅದೇ ಕ್ಯಾನು ಅಂತ ಮಾಡಬೇಡಿ.

ಹಾಗಂತ ಕ್ಲೋರಿನ್ ಬಿಟ್ಟುಬಿಡಬೇಡಿ. ಕಾಲರಾ, ಟೈಫಾಯ್ಡ್, ಹೆಪಟೈಟಿಸ್ ಎ ಇವಕ್ಕೆಲ್ಲ ಅದು ಬೇಕೇ ಬೇಕು. ಕ್ಲೋರಿನ್ ಹಾಕಿ, ಕುಡಿಯುವಷ್ಟನ್ನು ಕುದಿಸಿ. ಕಾವೇರಿ ನೀರು ತೊರೆಕಾಡನಹಳ್ಳಿಯ ಶುದ್ಧೀಕರಣ ಘಟಕದಲ್ಲಿ ಶುದ್ಧವಾಗಿ ಬಂದರೂ ಅದು ನಮ್ಮ ಸಂಪಿಗೆ ಬಿದ್ದ ಮೇಲೆ ನಮ್ಮ ಸಂಪಿನ ನೀರೇ ಆಗುತ್ತದೆ. ಟ್ಯಾಂಕರ್ ನೀರಿಗಂತೂ ಮೂಲ ಯಾವುದು, ಟ್ಯಾಂಕು ತೊಳೆದದ್ದು ಯಾವಾಗ ಅಂತ ಕೇಳಿದರೂ ಎಷ್ಟೋ ಸಲ ಉತ್ತರ ಸಿಗುವುದಿಲ್ಲ.

ಲ್ಯಾಬ್ ರಿಪೋರ್ಟ್ ಬಗ್ಗೆಯೂ ಹೇಳಬೇಕು. ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು ನೋಟಿಸ್ ಬೋರ್ಡಿಗೆ ಅಂಟಿಸುವ ರಿಪೋರ್ಟಿನಲ್ಲಿ ‘ಕೋಲಿಫಾರ್ಮ್ ಇಲ್ಲ’ ಅಂತ ಇರುತ್ತದೆ. ಅದು ಬ್ಯಾಕ್ಟೀರಿಯಾ ಪರೀಕ್ಷೆ. ಕ್ಲೋರಿನ್ ಹಾಕಿದ ನೀರಿನಲ್ಲಿ ಕೋಲಿಫಾರ್ಮ್ ಸತ್ತು ಕ್ರಿಪ್ಟೋ ಬದುಕಿರಬಹುದು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ 10 ಲೀಟರ್ ನೀರಿನಲ್ಲಿ ಒಂದೂ ಕ್ರಿಪ್ಟೋಸ್ಪೋರಿಡಿಯಂ ಇರಬಾರದು, ಆದರೆ ಅದಕ್ಕೆ ಬೇರೆಯೇ ಪರೀಕ್ಷೆ ಬೇಕು, ಅದನ್ನು ಕೇಳಿ ಮಾಡಿಸಬೇಕು.

ಸಂಪು ಮತ್ತು ಪೈಪು

ಬೆಳಿಗ್ಗೆ ಹಾಲು ಕರೆದ ಮೇಲೆ ಕೊಟ್ಟಿಗೆ ತೊಳೆಯುವ ಹೊತ್ತಿಗೆ ಒಂದೈದು ನಿಮಿಷ ನಿಂತು ನೋಡಿ. ಪೈಪು ಹಿಡಿದು ನೆಲಕ್ಕೆ ನೀರು ಬಿಡುತ್ತಾರೆ. ಡೈರಿಗೆ ಹೊತ್ತಾಯಿತು ಅಂತ ಯಾರೋ ಕೂಗುತ್ತಾರೆ, ಪೈಪನ್ನು ಅಲ್ಲೇ ಕೆಳಗೆ ಬಿಡುತ್ತಾರೆ. ಪೈಪಿನ ಬಾಯಿ ಗಂಜಲ, ಸಗಣಿ ಕಲೆತ ನೀರಿನಲ್ಲಿ ಮುಳುಗಿ ಮಲಗಿರುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಪೈಪನ್ನು ಎತ್ತಿ ಮನೆಯ ಡ್ರಮ್ಮಿಗೆ ಇಳಿಬಿಡುತ್ತಾರೆ. ಕೆಲವು ಮನೆಗಳಲ್ಲಿ ಇನ್ನೂ ಕೆಟ್ಟದ್ದು ಆಗುತ್ತದೆ: ಮೋಟಾರ್ ಆಫ್ ಮಾಡಿದಾಗ ಪೈಪಿನಲ್ಲಿದ್ದ ನೀರು ಹಿಂದಕ್ಕೆ ಇಳಿಯುತ್ತದೆ, ಜೊತೆಗೆ ಪೈಪಿನ ಬಾಯಿ ಇದ್ದ ಕೊಳಚೆಯನ್ನೂ ಎಳೆದುಕೊಂಡು ಸಂಪಿಗೇ ಹೋಗುತ್ತದೆ.

ಇದಕ್ಕೆ ದೊಡ್ಡ ಖರ್ಚೇನೂ ಬೇಡ. ಕೊಟ್ಟಿಗೆಗೆ ಒಂದು ಬಣ್ಣದ ಪೈಪು, ಮನೆಗೆ ಇನ್ನೊಂದು ಬಣ್ಣದ್ದು. ಗೋಡೆಗೆ ಒಂದು ಮೊಳೆ ಹೊಡೆದು ಕೊಟ್ಟಿಗೆ ಪೈಪಿನ ಬಾಯಿ ಮೇಲೆ ನೇತಾಡುವ ಹಾಗೆ ಮಾಡಿ. ಮೋಟಾರ್ ಲೈನಿನಲ್ಲಿ ನಾನ್ ರಿಟರ್ನ್ ವಾಲ್ವ್ ಇದೆಯಾ ಅಂತ ಪ್ಲಂಬರ್‌ಗೆ ತೋರಿಸಿ, ಇಲ್ಲದಿದ್ದರೆ ಹಾಕಿಸಿ.

ಸಂಪಿನ ಮುಚ್ಚಳ ನೆಲದ ಸಮಕ್ಕೆ ಇದ್ದರೆ ಸುತ್ತ ಇಟ್ಟಿಗೆ ಕಟ್ಟಿಸಿ ಒಂದಡಿ ಎತ್ತರಿಸಿ. ಮುಚ್ಚಳದ ಸಂದಿನಲ್ಲಿ ಬೆರಳು ತೂರುವಷ್ಟು ಜಾಗ ಇದ್ದರೆ ಮಳೆ ನೀರೂ ತೂರುತ್ತದೆ. ಕೊಟ್ಟಿಗೆ ತೊಳೆದ ನೀರು ಯಾವ ಕಡೆ ಓಡುತ್ತದೆ ಅಂತ ಒಂದು ಬಕೆಟ್ ನೀರು ಚೆಲ್ಲಿ ನೋಡಿ. ಸಂಪಿನ ಕಡೆ ಓಡಿದರೆ ಇಳಿಜಾರನ್ನೇ ಬದಲಿಸಬೇಕು, ಆಗದಿದ್ದರೆ ಮಧ್ಯೆ ಒಂದು ಸಣ್ಣ ಕಟ್ಟೆ ಕಟ್ಟಿ ಚರಂಡಿಗೆ ತಿರುಗಿಸಬೇಕು. ಸಂಪಿಗೆ ಕೊಳಚೆ ನುಗ್ಗಿದ್ದು ಗೊತ್ತಾದರೆ ನೀರೆಲ್ಲ ಖಾಲಿ ಮಾಡಿ, ಉಜ್ಜಿ ತೊಳೆದು, ಸಾಧ್ಯವಾದಷ್ಟು ಒಣಗಲು ಬಿಟ್ಟು ಆಮೇಲೆ ತುಂಬಿಸಿ. ಒಂದು ಕೆಜಿ ಬ್ಲೀಚಿಂಗ್ ಸುರಿದು ಸುಮ್ಮನಾಗುವುದು ಈ ರೋಗಕ್ಕೆ ಸಾಲುವುದಿಲ್ಲ. ಮೇಲಿನ ಸಿಂಟೆಕ್ಸ್ ಟ್ಯಾಂಕಿಗೂ ಇದೇ ಮಾತು.

ಕರುವಿನ ಆರೈಕೆ

ಹೆಚ್ಚು ಗಮನ ಬೇಕಾದದ್ದು ಇಲ್ಲಿ. ದೊಡ್ಡ ಹಸುಗಳಿಗೆ ಇದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಕಷ್ಟಪಡುವುದು ಒಂದು ತಿಂಗಳ ಒಳಗಿನ ಕರು, ಅದರಲ್ಲೂ ಹುಟ್ಟಿ ಐದನೇ ದಿನದಿಂದ ಮೂರನೇ ವಾರದವರೆಗೆ. ಹಳದಿ ಬಣ್ಣದ ನೀರು ನೀರಾದ ಸಗಣಿ, ಕೆಲವು ಸಲ ಲೋಳೆ. ಬಾಲ, ಹಿಂಗಾಲು ಎಲ್ಲ ಅಂಟಂಟು. ಕಣ್ಣು ಒಳಗೆ ಹೋಗುತ್ತದೆ. ಕತ್ತಿನ ಚರ್ಮ ಹಿಡಿದು ಎಳೆದು ಬಿಟ್ಟರೆ ತಕ್ಷಣ ಕೂರುವುದಿಲ್ಲ, ಅಂದರೆ ಮೈಯಲ್ಲಿ ನೀರು ಕಡಿಮೆ ಆಗಿದೆ ಅಂತ ಅರ್ಥ.

ಕರು ಹುಟ್ಟಿದ ದಿನವೇ ಮಾಡಬೇಕಾದ ಕೆಲಸ ಗಿಣ್ಣು ಹಾಲು ಕುಡಿಸುವುದು. ಹುಟ್ಟಿದ ಒಂದೆರಡು ಗಂಟೆಯಲ್ಲೇ ಶುರು ಮಾಡಿ, ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟನ್ನು ಮೊದಲ ಆರು ಗಂಟೆಯೊಳಗೆ ಕುಡಿಸಬೇಕು. ಕರು 30 ಕೆಜಿ ಇದ್ದರೆ 3 ಲೀಟರ್. ಸತ್ತೆ (ಮಾಸು) ಬೀಳಲಿ, ಆಮೇಲೆ ಕುಡಿಸೋಣ ಅಂತ ಕಾಯುವವರು ಈಗಲೂ ಇದ್ದಾರೆ. ಕಾಯಬೇಡಿ. ಗಂಟೆ ಕಳೆದಂತೆ ಗಿಣ್ಣಿನ ರಕ್ಷಣಾ ಶಕ್ತಿಯನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಮುಚ್ಚುತ್ತಾ ಹೋಗುತ್ತದೆ. ಗಿಣ್ಣು ಕೇಳಿಕೊಂಡು ಬರುವ ನೆಂಟರಿಗೆ, ಪಕ್ಕದ ಮನೆಯವರಿಗೆ ಕೊಡುವುದಿದ್ದರೆ ಕರುವಿನ ಹೊಟ್ಟೆ ತುಂಬಿದ ಮೇಲೆ ಕೊಡಿ. ಗಿಣ್ಣು ಕುಡಿದ ಕರುವಿಗೂ ಕ್ರಿಪ್ಟೋ ಬರಬಹುದು, ಆದರೆ ಅದು ತಡೆದುಕೊಂಡು ಬದುಕುವ ಸಾಧ್ಯತೆ ಜಾಸ್ತಿ.

ಕರುವನ್ನು ಒಣ ಜಾಗದಲ್ಲಿ ಬೇರೆ ಕಟ್ಟಿ. ಒಣ ಹುಲ್ಲಿನ ಹಾಸು, ದಿನಕ್ಕೆ ಒಂದಷ್ಟು ಹೊತ್ತು ಬಿಸಿಲು ಬೀಳುವ ಮೂಲೆ. ಒಂದು ಕರುವಿನ ಹಾಲಿನ ಬಕೆಟ್ ಇನ್ನೊಂದಕ್ಕೆ ಬೇಡ. ಪ್ರತಿ ಸಲ ಕುದಿಯುವ ನೀರು ಹಾಕಿ ತೊಳೆದು ಬಿಸಿಲಿಗೆ ಬೋರಲು ಹಾಕಿ. ಕೆಲಸ ಮಾಡುವಾಗ ಚೆನ್ನಾಗಿರುವ ಕರುಗಳನ್ನು ಮೊದಲು ನೋಡಿಕೊಂಡು, ಭೇದಿ ಇರುವುದನ್ನು ಕೊನೆಗೆ ಮುಟ್ಟಿ. ಆ ಕೆಲಸಕ್ಕೇ ಒಂದು ಜೊತೆ ಚಪ್ಪಲಿ ಅಥವಾ ಬೂಟು ಇಟ್ಟುಕೊಂಡು ಅದನ್ನು ಕೊಟ್ಟಿಗೆಯ ಹತ್ತಿರವೇ ಬಿಡಿ.

ಭೇದಿ ಶುರುವಾದರೆ 1962ಕ್ಕೆ ಫೋನ್ ಮಾಡಿ, ಅದು ಪಶು ಆಂಬುಲೆನ್ಸ್ ನಂಬರ್. ಇಲ್ಲಾ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ. ರೋಟಾ ವೈರಸ್, ಕೊರೊನಾ ವೈರಸ್, ಇ ಕೋಲಿ ಇವೂ ಕರುವಿಗೆ ಇದೇ ಥರ ಭೇದಿ ತರುತ್ತವೆ, ನೋಡಿದ ಮಾತ್ರಕ್ಕೆ ಯಾವುದು ಅಂತ ಹೇಳಲು ಆಗುವುದಿಲ್ಲ. ಸಗಣಿ ಪರೀಕ್ಷೆ ಮಾಡಿಸಬಹುದಾ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಮಾದರಿ ಕಳಿಸಬೇಕಾ ಅಂತ ಡಾಕ್ಟರನ್ನೇ ಕೇಳಿ. ಅವರು ಬರುವವರೆಗೆ ಹಾಲು ನಿಲ್ಲಿಸಬೇಡಿ. ಭೇದಿ ಆದಾಗ ಹಾಲು ಕೊಡಬಾರದು ಅನ್ನುವುದು ತಪ್ಪು, ಕರು ಹಸಿವಿನಿಂದಲೇ ಸೋತುಹೋಗುತ್ತದೆ. ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕೊಡಿ. ಡಾಕ್ಟರ್ ಹೇಳಿದ ಎಲೆಕ್ಟ್ರೋಲೈಟ್ ನೀರನ್ನು ಹಾಲಿನ ಜೊತೆ ಬೆರೆಸದೆ, ಎರಡು ಹಾಲಿನ ಮಧ್ಯೆ ಕೊಡಿ. ಹ್ಯಾಲೋಫುಜಿನೋನ್ ಅಂತ ಒಂದು ಔಷಧಿ ಇದೆ, ಆದರೆ ಅಳತೆ ಸ್ವಲ್ಪ ಮೀರಿದರೂ ಕರುವಿಗೆ ವಿಷ ಆಗುತ್ತದೆ. ಡಾಕ್ಟರ್ ಇಲ್ಲದೆ ಅದರ ಹತ್ತಿರ ಹೋಗಬೇಡಿ.

ಜಾಗ ಶುಚಿ ಮಾಡುವಾಗ ಮೊದಲು ಸಗಣಿ, ಹಾಸು ಎಲ್ಲ ಕೆರೆದು ತೆಗೆಯಿರಿ. ಆಮೇಲೆ ಕುದಿಯುವ ನೀರು, ಆಮೇಲೆ ಪೂರ್ತಿ ಒಣಗಲು ಬಿಡಿ. ಫಿನಾಯಿಲ್ ಹಾಕಿದರೆ ವಾಸನೆ ಚೆನ್ನಾಗಿರುತ್ತದೆ, ಕ್ರಿಪ್ಟೋ ಮಾತ್ರ ಹಾಗೇ ಇರುತ್ತದೆ. ಪ್ರೆಶರ್ ಪೈಪಿನಿಂದ ಜೋರಾಗಿ ಹೊಡೆದರೆ ಸಗಣಿ ಹನಿಹನಿಯಾಗಿ ಗೋಡೆಗೆ, ಮೇವಿಗೆ, ನಿಮ್ಮ ಮುಖಕ್ಕೆ ಎಲ್ಲ ಹಾರುತ್ತದೆ. ಬೇಡ.

ತೆಗೆದ ಸಗಣಿಯನ್ನು ರಾಜಕಾಲುವೆಗೆ, ಚರಂಡಿಗೆ ತಳ್ಳಬೇಡಿ. ತಿಪ್ಪೆ ಬೋರ್‌ವೆಲ್, ಬಾವಿ, ಸಂಪುಗಳಿಗಿಂತ ತಗ್ಗಿನಲ್ಲಿ ಇರಬೇಕು, ಸಾಧ್ಯವಾದಷ್ಟು ದೂರ ಇರಬೇಕು. ಒಟ್ಟಿದ ಗೊಬ್ಬರ ಒಳಗೊಳಗೇ ಚೆನ್ನಾಗಿ ಬಿಸಿಯೇರಿ, ಮಗುಚಿ ಹಾಕಿ, ಮತ್ತೆ ಬಿಸಿಯೇರಿ ಕಳಿತರೆ ಮೊಟ್ಟೆಗಳು ಸಾಯುತ್ತವೆ. ಹಸಿ ಸಗಣಿಯನ್ನು ಕೊತ್ತಂಬರಿ, ಪಾಲಕ್ ಮಡಿಗಳಿಗೆ ಹಾಕಿದರೆ ಅದು ನೇರವಾಗಿ ನಮ್ಮ ತಟ್ಟೆಗೇ ಬರುತ್ತದೆ. ಹಸಿಯಾಗಿ ತಿನ್ನುವ ಸೊಪ್ಪು, ಸೌತೆಕಾಯಿ, ಕ್ಯಾರೆಟ್ ಇವನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ, ಸಿಪ್ಪೆ ತೆಗೆಯುವಂಥದ್ದಾದರೆ ತೆಗೆಯಿರಿ. ಬೇಯಿಸಿದರೆ ಚಿಂತೆಯೇ ಇಲ್ಲ. ಹಾಲೂ ಅಷ್ಟೇ, ಕಾಯಿಸಿ ಕುಡಿಯಿರಿ. ಬಾಗಿಲಿಗೆ ಸಾರಿಸಲು ಸಗಣಿ ಬೇಕಾದರೆ ಭೇದಿ ಇರುವ ಕರುವಿನದ್ದು ಖಂಡಿತ ಬೇಡ.

ಮಕ್ಕಳು ಮತ್ತು ಕೈ

ಕರು ಕಂಡರೆ ಮಕ್ಕಳು ಬಿಡುತ್ತಾರಾ? ಬೆರಳು ಕೊಟ್ಟರೆ ಸಾಕು, ಕರು ಅದನ್ನೇ ಕೆಚ್ಚಲ ತೊಟ್ಟು ಅಂದುಕೊಂಡು ಚೀಪಲು ಶುರು ಮಾಡುತ್ತದೆ, ಮಗು ಕಿಲಕಿಲ ನಗುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಬೆರಳು ಮಗುವಿನ ಬಾಯಿಗೆ. ಮಕ್ಕಳನ್ನು ಕರುವಿನಿಂದ ದೂರ ಇಡಿ ಅಂತ ನಾನು ಹೇಳುವುದಿಲ್ಲ, ಆ ಒಡನಾಟ ಒಳ್ಳೆಯದೇ. ಕೊಟ್ಟಿಗೆಯ ಬಾಗಿಲಲ್ಲೇ ಒಂದು ನಲ್ಲಿ, ಒಂದು ಸೋಪು ಇಡಿ. ಹೊರಗೆ ಬಂದ ಕೂಡಲೇ ತೊಳೆಯುವುದು ಅಭ್ಯಾಸವಾಗಲಿ. ಸ್ಯಾನಿಟೈಸರ್ ಹಚ್ಚಿದರೆ ಪ್ರಯೋಜನ ಇಲ್ಲ, ಆಲ್ಕೋಹಾಲ್‌ಗೂ ಇದು ಸಾಯುವುದಿಲ್ಲ. ಸೋಪಿನ ನೊರೆ ಮತ್ತು ಹರಿಯುವ ನೀರು ಅದನ್ನು ಕೈಯಿಂದ ಜಾರಿಸಿ ಕಳಿಸುತ್ತವೆ. ಕರುವಿಗೆ ಭೇದಿ ಇದ್ದಾಗ ಮಾತ್ರ ಮಕ್ಕಳನ್ನು ಬಿಡಲೇಬೇಡಿ.

ಮನೆಯಲ್ಲಿ ಎಚ್‌ಐವಿ ಇರುವವರು, ಕಿಡ್ನಿ ಕಸಿ ಆದವರು, ಕೀಮೋಥೆರಪಿ ತೆಗೆದುಕೊಳ್ಳುತ್ತಿರುವವರು ಇದ್ದರೆ ಎಳೆ ಕರುವಿನ ಕೆಲಸ ಅವರಿಗೆ ಬೇಡ, ಅವರಿಗೆ ಕುದಿಸಿದ ನೀರು ಬಿಟ್ಟು ಬೇರೆ ನೀರೂ ಬೇಡ. ಗಟ್ಟಿಮುಟ್ಟಾದವರಿಗೆ ಒಂದೆರಡು ವಾರದಲ್ಲಿ ತಾನಾಗಿ ವಾಸಿಯಾಗುವ ಈ ಭೇದಿ ಅವರಿಗೆ ತಿಂಗಳುಗಟ್ಟಲೆ ಹಿಡಿಯಬಹುದು, ಜೀವಕ್ಕೂ ಅಪಾಯ ಆಗಬಹುದು.

ನಿಮಗೇ ಬಂದರೆ

ಮೊಟ್ಟೆ ಹೊಟ್ಟೆಗೆ ಹೋಗಿ ಎರಡರಿಂದ ಹತ್ತು ದಿನದೊಳಗೆ, ಹೆಚ್ಚಾಗಿ ಒಂದು ವಾರಕ್ಕೆ ಶುರುವಾಗುತ್ತದೆ. ನೀರಿನಂತೆ ಭೇದಿ, ಹೊಟ್ಟೆನೋವು, ವಾಕರಿಕೆ, ಸಣ್ಣ ಜ್ವರ. ನಿಂತಿತು ಅಂದುಕೊಂಡಾಗ ಮತ್ತೆ ಶುರುವಾಗುವುದೂ ಉಂಟು. ಡಾಕ್ಟರ ಹತ್ತಿರ ಹೋದಾಗ ಕೇಳುವ ಮೊದಲೇ ಹೇಳಿ: ನಮ್ಮ ಮನೆಯಲ್ಲಿ ಕರು ಇದೆ, ಅದಕ್ಕೂ ಭೇದಿ ಆಗಿತ್ತು, ನಾವು ಇಂಥ ನೀರು ಕುಡಿಯುತ್ತೇವೆ. ಈ ಒಂದು ಮಾತಿಲ್ಲದೆ ಯಾರಿಗೂ ಇದು ಹೊಳೆಯುವುದಿಲ್ಲ. ಮಾಮೂಲಿ ಮಲ ಪರೀಕ್ಷೆಯಲ್ಲಿ ಕ್ರಿಪ್ಟೋ ಕಣ್ತಪ್ಪಿ ಹೋಗುತ್ತದೆ. ಮಾಡಿಫೈಡ್ ಆಸಿಡ್ ಫಾಸ್ಟ್ ಸ್ಟೇನ್ ಅಥವಾ ಕ್ರಿಪ್ಟೋ ಆಂಟಿಜೆನ್ ಪರೀಕ್ಷೆ ಬೇಕಾ ಅಂತ ಕೇಳಿ, ಕೇಳುವುದರಲ್ಲಿ ತಪ್ಪಿಲ್ಲ.

ಚಿಕಿತ್ಸೆಯ ಮುಕ್ಕಾಲು ಪಾಲು ಓಆರ್‌ಎಸ್. ಪ್ಯಾಕೆಟ್ ಮೇಲೆ ಹೇಳಿದಷ್ಟೇ ನೀರು, ಅದೂ ಕುದಿಸಿ ಆರಿಸಿದ್ದು. ಮಕ್ಕಳಿಗೆ ಜೊತೆಗೆ ಜಿಂಕ್ ಕೊಡುತ್ತಾರೆ, ಭೇದಿ ನಿಂತರೂ ಹೇಳಿದಷ್ಟು ದಿನ ಪೂರ್ತಿ ಕೊಡಿ. ಎದೆಹಾಲು ನಿಲ್ಲಿಸಬೇಡಿ. ಅಗತ್ಯ ಅನಿಸಿದರೆ ಡಾಕ್ಟರ್ ನಿಟಜಾಕ್ಸನೈಡ್ ಅನ್ನುವ ಔಷಧಿ ಬರೆಯಬಹುದು. ಮಗು ಮಂಕಾಗಿದ್ದರೆ, ಮೂತ್ರ ಕಡಿಮೆಯಾದರೆ, ಅಳುವಾಗ ಕಣ್ಣೀರು ಬರದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ನಾಳೆ ನೋಡೋಣ ಅನ್ನಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.

ರೋಗಿ ಬಳಸಿದ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಲ್ಲಿ ಗರಿಗರಿ ಆಗುವಂತೆ ಒಣಗಿಸಿ. ಮಗುವಿನ ಆಟದ ಸಾಮಾನುಗಳನ್ನು 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ 20 ನಿಮಿಷ ನೆನೆಸಿ ತೊಳೆಯಬಹುದು, ಬ್ಲೀಚ್‌ಗಿಂತ ಇದು ವಾಸಿ. ಮೆಡಿಕಲ್ ಶಾಪಿನಲ್ಲಿ ಕೇಳುವಾಗ ಎಷ್ಟು ಶೇಕಡಾದ್ದು ಅಂತ ನೋಡಿಕೊಳ್ಳಿ. ಭೇದಿ ಇರುವವರು ಅಡಿಗೆ ಮಾಡುವುದು, ಬಡಿಸುವುದು, ಹಾಲು ಕರೆಯುವುದು ಇವನ್ನು ಬೇರೆಯವರಿಗೆ ಬಿಡಲಿ. ಈಜುಕೊಳಕ್ಕಂತೂ ಭೇದಿ ಪೂರ್ತಿ ನಿಂತ ಮೇಲೂ ಎರಡು ವಾರ ಹೋಗುವಂತಿಲ್ಲ, ಯಾಕೆಂದರೆ ಅಲ್ಲಿಯವರೆಗೂ ಮಲದಲ್ಲಿ ಮೊಟ್ಟೆಗಳು ಹೋಗುತ್ತಿರುತ್ತವೆ, ಕೊಳದಲ್ಲಿರುವ ಕ್ಲೋರಿನ್ ಅವನ್ನು ಬೇಗ ಕೊಲ್ಲುವುದಿಲ್ಲ. ಬೇಸಿಗೆ ರಜೆಯಲ್ಲಿ ಸ್ವಿಮ್ಮಿಂಗ್ ಕ್ಲಾಸಿಗೆ ದುಡ್ಡು ಕಟ್ಟಿಬಿಟ್ಟಿದ್ದರೂ ಸರಿ, ಆ ಎರಡು ವಾರ ಮಗುವನ್ನು ಕಳಿಸಬೇಡಿ, ಕೋಚ್‌ಗೂ ಕಾರಣ ತಿಳಿಸಿ.